ಕುಡಿತ ನಿಂತ ಮೂರನೆಯ ದಿನ

ಕಿನ್ನಾಳದಲ್ಲಿ ಮನೆಯ ಯಜಮಾನ ಬಿದ್ದು ಕಾಲು ಮುರಿದುಕೊಂಡನೆನ್ನಿ. ಕೊಪ್ಪಳದ ಆಸ್ಪತ್ರೆಗೆ ಸೇರಿಸುತ್ತೀರಿ. ಮೂರನೆಯ ದಿನ ಆತ ನಡುಗುತ್ತ, ಹಾಸಿಗೆಯ ಮೇಲೆ ಇಲ್ಲದ ಹುಳುಗಳನ್ನು ಕೊಡವತೊಡಗುತ್ತಾನೆ. ಮನೆಯವರ ಗುರುತೂ ಹತ್ತುವುದಿಲ್ಲ. 'ಗಾಳಿ ಸೋಕಿದೆ' ಎಂದು ತಾಯತಕ್ಕೆ ಓಡುವವರಿದ್ದಾರೆ. ಇದು ಗಾಳಿಯಲ್ಲ. ದಿನವೂ ಕುಡಿಯುತ್ತಿದ್ದವನಿಗೆ ಮದ್ಯ ಥಟ್ಟನೆ ನಿಂತದ್ದರ ಫಲವಿರಬಹುದು.

ಮದ್ಯ ಮಿದುಳನ್ನು ಮಂದಗೊಳಿಸುತ್ತದೆ. ವರ್ಷಗಟ್ಟಲೆ ಕುಡಿದಾಗ ಮಿದುಳು ಅದಕ್ಕೆ ಪ್ರತಿಯಾಗಿ ತನ್ನ ಚಟುವಟಿಕೆ ಹೆಚ್ಚಿಸಿಕೊಳ್ಳುತ್ತದೆ. ಮದ್ಯ ನಿಂತೊಡನೆ ಈ ಚಟುವಟಿಕೆಗೆ ಲಗಾಮು ಇರುವುದಿಲ್ಲ. ಆರೆಂಟು ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ. ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್. ಎರಡರಿಂದ ನಾಲ್ಕು ದಿನಗಳಲ್ಲಿ ಕೆಲವರಿಗೆ ಸನ್ನಿ. ಸನ್ನಿಗೆ ಚಿಕಿತ್ಸೆಯಾಗದಿದ್ದರೆ ಪ್ರಾಣಕ್ಕೇ ಅಪಾಯ. 2020ರ ಮಾರ್ಚ್‌ನ ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳು ಮುಚ್ಚಿದಾಗ ಇಂಥ ರೋಗಿಗಳು ಆಸ್ಪತ್ರೆಗಳಿಗೆ ಬಂದದ್ದು ನಿಮಗೆ ನೆನಪಿರಬಹುದು.

ಇದಕ್ಕೆ ಒಳ್ಳೆಯ ಔಷಧಿಗಳಿವೆ. ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಮಿದುಳನ್ನು ಶಾಂತಗೊಳಿಸಿ ಫಿಟ್ಸ್ ತಡೆಯುತ್ತವೆ. ಯಕೃತ್ತು ಕೆಟ್ಟವರಿಗೆ ಮತ್ತು ವೃದ್ಧರಿಗೆ ಲೊರಾಜೆಪಾಮ್ ಮೇಲು. ನಡುಕ, ನಾಡಿ, ಬೆವರು ನೋಡಿ ವೈದ್ಯರು ಪ್ರಮಾಣ ಗೊತ್ತುಮಾಡಿ, ಸುಮಾರು ಒಂದು ವಾರದಲ್ಲಿ ಇಳಿಸುತ್ತ ನಿಲ್ಲಿಸುತ್ತಾರೆ. ಈ ಗುಳಿಗೆಗಳನ್ನು ನೀವೇ ಅಂಗಡಿಯಿಂದ ತಂದು ಮುಂದುವರಿಸಬೇಡಿ. ಅವೇ ಚಟವಾಗುತ್ತವೆ, ಮದ್ಯದೊಡನೆ ಸೇರಿದರೆ ಉಸಿರಾಟವೇ ನಿಂತೀತು. ಭ್ರಮೆ ವಿಪರೀತವಾದರೆ ಹ್ಯಾಲೊಪೆರಿಡಾಲ್ ಸೇರಿಸುವುದುಂಟು. ಅದೊಂದನ್ನೇ ಕೊಡುವುದಿಲ್ಲ, ಏಕೆಂದರೆ ಅದು ಫಿಟ್ಸ್ ತಡೆಯುವುದಿಲ್ಲ.

'ಒಂದು ಬಾಟಲಿ ಗ್ಲೂಕೋಸ್ ಏರಿಸಿರಿ' ಎಂದು ಕೇಳುವವರು ಬಹಳ. ಕುಡುಕರ ಮೈಯಲ್ಲಿ ಥಯಾಮಿನ್, ಅಂದರೆ ಬಿ-1 ಜೀವಸತ್ವ, ಬತ್ತಿರುತ್ತದೆ. ಆದ್ದರಿಂದ ಗ್ಲೂಕೋಸಿಗೆ ಮೊದಲು ಅಥವಾ ಅದರೊಡನೆಯೇ ಥಯಾಮಿನ್ ಇಂಜೆಕ್ಷನ್ ಕೊಡಬೇಕು. ಇಲ್ಲವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು.

ಇಷ್ಟಕ್ಕೂ ವೈದ್ಯರಿಗೆ ವಿಷಯ ತಿಳಿದಿರಬೇಕಲ್ಲ? ಯಾವ ಕಾಯಿಲೆಗೆ ಸೇರಿಸಿದರೂ ಮೊದಲ ದಿನವೇ ಹೇಳಿರಿ: ಎಷ್ಟು ಕುಡಿಯುತ್ತಾರೆ, ಎಷ್ಟು ವರ್ಷದಿಂದ, ಕೊನೆಯದಾಗಿ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ. ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಕದ್ದು ಮದ್ಯ ತಂದುಕೊಡಲೂ ಬೇಡಿ.

ನಡುಕ ನಿಂತಿತೆಂದರೆ ಚಟ ಬಿಟ್ಟಿತೆಂದಲ್ಲ. ಬಿಡುಗಡೆಯಾದ ಮೇಲೆ ಮನೋವೈದ್ಯರನ್ನು ಕಾಣಿಸಿರಿ. ಧಾರವಾಡದ ಡಿಮ್ಹಾನ್ಸ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ.