ಕ್ರೂಗರ್ ಸಫಾರಿ: ನೀವೇ ಕಾರು ಓಡಿಸುವುದಾದರೆ

ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ಎಂದರೆ ಜೀಪಿನಲ್ಲೋ ಕ್ಯಾಂಟರಿನಲ್ಲೋ ಕೂತು, ಚಾಲಕ ಕರೆದೊಯ್ದಲ್ಲಿಗೆ ಹೋಗಿಬರುವುದು. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಡಿಗೆ ಕಾರು ತೆಗೆದುಕೊಂಡು ನೀವೇ ಕಾಡು ಸುತ್ತಬಹುದು. ಅಲ್ಲೂ ವಾಹನ ಓಡುವುದು ಎಡಬದಿಯಲ್ಲೇ, ಹಾಗಾಗಿ ನಮ್ಮವರಿಗೆ ಕೈ ಬೇಗ ಕೂರುತ್ತದೆ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ. ಮೇನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಣ ಚಳಿಗಾಲ. ಹುಲ್ಲು ಒಣಗಿ, ಪೊದೆ ತೆಳುವಾಗಿ, ಪ್ರಾಣಿಗಳು ನೀರಿರುವ ಕಡೆ ಸೇರುತ್ತವೆ. ಬೆಳಗಿನ ಚಳಿ ಕೊರೆಯುತ್ತದೆ, ಸ್ವೆಟರ್ ಮರೆಯಬೇಡಿ. ವೀಸಾ ಬೇಕು, ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಜೊತೆಗಿರಲಿ. ಕ್ರೂಗರ್ ಮಲೇರಿಯಾ ಇರುವ ಪ್ರದೇಶ. ಮಾತ್ರೆಯ ಬಗ್ಗೆ ವೈದ್ಯರನ್ನು ಮುಂಚೆಯೇ ಕೇಳಿ. ಉದ್ಯಾನದೊಳಗಿನ ಕ್ಯಾಂಪುಗಳ ಕೋಣೆಗಳು ತಿಂಗಳುಗಟ್ಟಲೆ ಮೊದಲೇ ಭರ್ತಿಯಾಗುತ್ತವೆ, ಅದಕ್ಕೇ ವಿಮಾನದ ಟಿಕೆಟ್‌ಗಿಂತ ಮೊದಲು ಕೋಣೆ ಕಾದಿರಿಸಿ.

ಎಲ್ಲರೂ ಎಡವುವುದು ದಾರಿ ಯೋಜಿಸುವಾಗ. ಉದ್ಯಾನದ ಉದ್ದ ಸುಮಾರು 350 ಕಿ.ಮೀ. ಇಷ್ಟನ್ನೂ ನಾಲ್ಕು ದಿನದಲ್ಲಿ ನೋಡಿ ಮುಗಿಸುತ್ತೇವೆಂದು ಹೊರಟವರು ರಸ್ತೆಯನ್ನಷ್ಟೇ ನೋಡಿ ಬರುತ್ತಾರೆ. ಡಾಂಬರು ರಸ್ತೆಯಲ್ಲಿ ವೇಗಮಿತಿ ಗಂಟೆಗೆ 50 ಕಿ.ಮೀ., ಮಣ್ಣಿನ ದಾರಿಯಲ್ಲಿ 40. ನಿಂತು ನೋಡುತ್ತ ಹೋದರೆ ಗಂಟೆಗೆ 20 ಸಾಗಿದರೂ ಹೆಚ್ಚೇ. ಬೆಳಗಿನ ಸುತ್ತಿಗೆ 50–60 ಕಿ.ಮೀ. ಸಾಕು. ಮೊದಲ ಸಲದವರು ದಕ್ಷಿಣದ ಲೋವರ್ ಸಾಬಿ ಕ್ಯಾಂಪಿನಲ್ಲಿ ಎರಡು ರಾತ್ರಿ, ನಡುಭಾಗದ ಸತಾರಾ ಕ್ಯಾಂಪಿನಲ್ಲಿ ಎರಡು ರಾತ್ರಿ ಉಳಿಯಲಿ. ಸತಾರಾ ಸುತ್ತಲಿನ ಹುಲ್ಲುಗಾವಲು ಸಿಂಹಗಳಿಗೆ ಹೆಸರುವಾಸಿ.

ಬೆಳಿಗ್ಗೆ ಕ್ಯಾಂಪಿನ ಗೇಟು ತೆಗೆಯುವ ಹೊತ್ತಿಗೆ ಸಾಲಿನಲ್ಲಿರಿ. ಹೊತ್ತೇರಿದ ಮೇಲೆ ಸಿಂಹ, ಚಿರತೆ ನೆರಳು ಸೇರಿಬಿಡುತ್ತವೆ. ಮಧ್ಯಾಹ್ನ ಸುಮ್ಮನೆ ಓಡಾಡುವ ಬದಲು ಲೋವರ್ ಸಾಬಿ ಪಕ್ಕದ ಸನ್‌ಸೆಟ್ ಡ್ಯಾಮ್ ಬಳಿ ಎಂಜಿನ್ ಆರಿಸಿ ಕೂರಿ. ಮೊದಲಿಗೆ ಕಾಣುವುದು ನೀರು, ಕಲ್ಲು ಅಷ್ಟೆ. ಸ್ವಲ್ಪ ಹೊತ್ತಿಗೆ ಒಂದು ಕಲ್ಲು ಉಸಿರು ಬಿಡುತ್ತದೆ, ಅದು ನೀರಾನೆ. ದಡದ ಮರದ ತುಂಡು ಬಾಯಿ ತೆರೆಯುತ್ತದೆ, ಅದು ಮೊಸಳೆ. ಇಂಪಾಲ ಎಂಬ ಹುಲ್ಲೆಗಳು ಒಂದೊಂದೇ ಹೆಜ್ಜೆ ಇಟ್ಟು ಬಂದು, ನೀರಿಗೆ ಬಾಯಿ ಹಚ್ಚಿದೊಡನೆ ಬೆಚ್ಚಿ ಹಿಂದೆ ಸರಿಯುತ್ತವೆ. ನನ್ನ ಲೆಕ್ಕದಲ್ಲಿ ಅಲ್ಲಿ ಕೂತ ಒಂದು ಗಂಟೆ ನೂರು ಕಿಲೋಮೀಟರಿನ ಓಡಾಟಕ್ಕಿಂತ ಮೇಲು.

ಗುರುತಿಸಿದ ಜಾಗಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ. ಕಿಟಕಿಯಿಂದ ಮೈ ಹೊರಚಾಚುವುದೂ ಸಲ್ಲ. ಆನೆ ದಾರಿಗೆ ಬಂದರೆ ದೂರದಲ್ಲೇ ನಿಲ್ಲಿಸಿ, ಹಿಂದೆ ಸರಿಯಲು ಜಾಗ ಇಟ್ಟುಕೊಳ್ಳಿ. ಕಪೋಲದಲ್ಲಿ ಮದ ಸುರಿಯುತ್ತಿರುವ ಸಲಗ ಕಂಡರೆ ಫೋಟೊದ ಆಸೆ ಬಿಟ್ಟು ನಿಧಾನವಾಗಿ ಹಿಂದಕ್ಕೆ ಹೋಗಿ. ಸಂಜೆ ಗೇಟು ಮುಚ್ಚುವ ವೇಳೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ತಡವಾದರೆ ದಂಡ. ಕತ್ತಲಲ್ಲಿ ಕಾಡು ನೋಡುವ ಆಸೆಯಿದ್ದರೆ ಉದ್ಯಾನದವರ ವಾಹನದಲ್ಲೇ ರಾತ್ರಿ ಸಫಾರಿಗೆ ಹೋಗಬಹುದು.

ಕೊನೆಯದಾಗಿ ಒಂದು ಕೋರಿಕೆ. ಕೊಂಬಿನ ಆಸೆಗೆ ಬೇಟೆಗಾರರು ಕ್ರೂಗರ್‌ನ ಘೇಂಡಾಮೃಗಗಳನ್ನು ಇಂದಿಗೂ ಕೊಲ್ಲುತ್ತಿದ್ದಾರೆ. ನಿಮಗೊಂದು ಕಂಡರೆ ಕಣ್ತುಂಬ ನೋಡಿ, ಫೋಟೊ ತೆಗೆದುಕೊಳ್ಳಿ. ಆದರೆ ಅದು ಯಾವ ರಸ್ತೆಯಲ್ಲಿ, ಯಾವ ಹಳ್ಳದ ಬಳಿ ಕಂಡಿತೆಂದು ಫೇಸ್‌ಬುಕ್ಕಿನಲ್ಲಾಗಲಿ ವಾಟ್ಸ್‌ಆ್ಯಪಿನಲ್ಲಾಗಲಿ ದಯವಿಟ್ಟು ಬರೆಯಬೇಡಿ.