ರಾಮದೇವರ ಬೆಟ್ಟದ ರಣಹದ್ದು: ನೋಡೋದು ಹೇಗೆ, ಉಳಿಸೋದು ಹೇಗೆ?

ಜನವರಿಯ ಸೆಮಿಸ್ಟರ್ ರಜೆಯಲ್ಲಿ ನಾವು ಐದು ಜನ ಬೆಳಗಿನ ರೈಲು ಹಿಡಿದು ರಾಮನಗರಕ್ಕೆ ಹೋಗಿದ್ವಿ. 'ಶೋಲೆ' ಶೂಟಿಂಗ್ ಆದ ಬಂಡೆಗಳನ್ನ ನೋಡ್ಬೇಕು, ನಾಲ್ಕು ಫೋಟೋ ತೆಗೀಬೇಕು, ಪ್ಲಾನ್ ಇದ್ದದ್ದು ಇಷ್ಟೇ. ಒಬ್ಬನ ಬ್ಯಾಗಲ್ಲಿ ಡ್ರೋನ್ ಬೇರೆ ಇತ್ತು. ರಾಮದೇವರ ಬೆಟ್ಟದ ಗೇಟಿನಲ್ಲಿದ್ದ ವಾಚರ್ ಅದನ್ನು ನೋಡಿದ್ದೇ ತಡ, "ಅದನ್ನ ಆಚೆ ತೆಗೀಲೇಬೇಡ್ರಪ್ಪ. ಹಕ್ಕಿ ಮೊಟ್ಟೆ ಮೇಲೆ ಕೂರೋ ಕಾಲ ಇದು. ಗಾಬರಿಯಾಗಿ ಎದ್ದು ಹೋದ್ರೆ ಈ ವರ್ಷದ ಮರಿ ಹೋದಂಗೆ" ಅಂದರು.

ಒಂದು ಮೊಟ್ಟೆಗೆ ಇಷ್ಟೊಂದಾ ಅಂತ ಆವಾಗ ನಕ್ಕಿದ್ವಿ. ಹಾಸ್ಟೆಲಿಗೆ ಬಂದು ಓದೋಕೆ ಶುರು ಮಾಡಿದ ಮೇಲೆ ನಗು ನಿಂತಿತು.

ಮೊದಲು, ಗುರುತಿಸೋದು ಹೇಗೆ?

ನಮ್ಮ ಕ್ಯಾಂಪಸ್ ಮೇಲೆ ಸುತ್ತುವ ಹಕ್ಕಿ ರಣಹದ್ದಲ್ಲ. ಬಾಲದ ತುದಿ ಕವಲೊಡೆದಿದ್ದರೆ ಅದು ಸಾಮಾನ್ಯ ಹದ್ದು. ತಲೆ ಬೆಳ್ಳಗೆ, ಮೈ ಇಟ್ಟಿಗೆ ಬಣ್ಣ ಇದ್ದರೆ ಗರುಡ. ರಣಹದ್ದು ಇವೆರಡಕ್ಕಿಂತ ಬಹಳ ದೊಡ್ಡದು. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಎರಡು ಮೀಟರಿನ ಆಸುಪಾಸು. ರೆಕ್ಕೆ ಹಲಗೆಯ ಹಾಗೆ ಅಗಲ, ತುದಿಯಲ್ಲಿ ಗರಿಗಳು ಬಿಡಿಸಿದ ಬೆರಳಿನಂತೆ, ಬಾಲ ಗಿಡ್ಡ. ರಾಮನಗರದಲ್ಲಿ ಗೂಡು ಕಟ್ಟುವುದು ಉದ್ದಕೊಕ್ಕಿನ ರಣಹದ್ದು. ಮರದ ಬದಲು ಕಡಿದಾದ ಬಂಡೆಯ ಅಂಚುಗಳೇ ಅದಕ್ಕೆ ಇಷ್ಟ. ಬಂಡೆಯ ಮೇಲೆ ಸುಣ್ಣ ಸುರಿದಂತೆ ಬಿಳಿ ಪಟ್ಟೆ ಕಂಡರೆ ಅಲ್ಲಿ ಹಕ್ಕಿ ಕೂರುತ್ತದೆ ಎಂದರ್ಥ. ಅದು ಹಿಕ್ಕೆಯ ಗುರುತು.

ಬೆಳಗ್ಗೆ ಆರಕ್ಕೇ ಹೋಗಿ ಆಕಾಶ ನೋಡಿದರೆ ಪ್ರಯೋಜನವಿಲ್ಲ. ಬಂಡೆ ಬಿಸಿಲಿಗೆ ಕಾಯಬೇಕು, ಕಾದ ಗಾಳಿ ಕಂಬದ ಹಾಗೆ ಮೇಲೇಳಬೇಕು. ಆ ಗಾಳಿಯ ಮೇಲೇರಿ ರಣಹದ್ದು ರೆಕ್ಕೆ ಬಡಿಯದೆ ಮೇಲಕ್ಕೆ ಹೋಗುತ್ತದೆ. ಮೆಕ್ಯಾನಿಕಲ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಗ್ಲೈಡರ್ ಹಾರುವುದೂ ಹೀಗೇ. ಒಂಬತ್ತು ಗಂಟೆ ದಾಟಿದ ಮೇಲೆ ಬೈನಾಕ್ಯುಲರ್ ಹಿಡಿದು ಕಾಯಿರಿ. ಆಹಾರ ಹುಡುಕೋದು ಮೂಗಿನಿಂದಲ್ಲ, ಕಣ್ಣಿನಿಂದ. ಒಂದು ಕೆಳಗಿಳಿದರೆ ದೂರದಲ್ಲಿರುವ ಇನ್ನೊಂದು ಅದನ್ನು ನೋಡಿ ಬರುತ್ತದೆ, ಅದನ್ನು ನೋಡಿ ಮತ್ತೊಂದು. ಪಕ್ಕಾ ನೆಟ್‌ವರ್ಕ್!

ಈ ನೆಟ್‌ವರ್ಕೇ ಮುಳುವಾಯ್ತು

1990ರ ದಶಕದಲ್ಲಿ ದೇಶದಾದ್ಯಂತ ರಣಹದ್ದುಗಳು ಸಾಯತೊಡಗಿದವು. ರಾಜಸ್ಥಾನದ ಭರತಪುರದಲ್ಲಿ ಎಣಿಕೆ ಮಾಡುತ್ತಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಈ ಕುಸಿತವನ್ನು ಮೊದಲು ದಾಖಲಿಸಿದರು. 1992ರಿಂದ 2007ರೊಳಗೆ ಬಿಳಿ ಬೆನ್ನಿನ ರಣಹದ್ದು 99.9 ಶೇಕಡಾ ಕಡಿಮೆಯಾಯಿತು. ಉದ್ದಕೊಕ್ಕಿನದು ಸುಮಾರು 97 ಶೇಕಡಾ. ವೈರಸ್ ಇರಬಹುದೇ, ಕೀಟನಾಶಕವೇ ಅಂತ ಎಲ್ಲರೂ ತಲೆ ಕೆಡಿಸಿಕೊಂಡರು. ಉತ್ತರ ಸಿಕ್ಕಿದ್ದು 2004ರಲ್ಲಿ. ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿದ ಲಿಂಡ್ಸೆ ಓಕ್ಸ್ ತಂಡ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯ ಕಡೆ ಬೆರಳು ತೋರಿಸಿತು. ನಾವು ಬೆನ್ನುನೋವಿಗೆ ನುಂಗುವುದೂ ಅದನ್ನೇ. ಹಸುವಿಗೆ ಅದನ್ನು ಚುಚ್ಚಿ, ಅದು ಸ್ವಲ್ಪ ದಿನದಲ್ಲೇ ಸತ್ತರೆ, ಔಷಧಿ ಮಾಂಸದಲ್ಲಿ ಉಳಿದಿರುತ್ತದೆ. ತಿಂದ ರಣಹದ್ದಿನ ಕಿಡ್ನಿ ಕೆಡುತ್ತದೆ, ಯೂರಿಕ್ ಆಮ್ಲ ಹೊರಹೋಗದೆ ಒಳಗಿನ ಅಂಗಗಳ ಮೇಲೆ ಬಿಳಿ ಪುಡಿಯಂತೆ ಕೂರುತ್ತದೆ. ಕೆಲವೇ ದಿನದಲ್ಲಿ ಹಕ್ಕಿ ಸಾಯುತ್ತದೆ.

ಒಂದು ಸಣ್ಣ ಲೆಕ್ಕ

"ಎಲ್ಲ ಹಸುಗೂ ಈ ಇಂಜೆಕ್ಷನ್ ಕೊಡ್ತಿದ್ರಾ?" ಅಂತ ನೀವು ಕೇಳಬಹುದು. ಬೇಕಾಗಿಲ್ಲ. ಇನ್ನೂರು ಹೆಣದಲ್ಲಿ ಒಂದರಲ್ಲಿ ಮಾತ್ರ ವಿಷ ಇದೆ ಎಂದಿಟ್ಟುಕೊಳ್ಳಿ, ಅಂದರೆ 0.5 ಶೇಕಡಾ. ರಣಹದ್ದು ಮೂರು ದಿನಕ್ಕೊಮ್ಮೆ ತಿಂದರೆ ವರ್ಷಕ್ಕೆ ಸುಮಾರು 120 ಊಟ. ಪ್ರತಿ ಊಟದಲ್ಲೂ ಬಚಾವಾಗುವ ಸಾಧ್ಯತೆ 0.995. ವರ್ಷಪೂರ್ತಿ ಬಚಾವಾಗಬೇಕಾದರೆ 0.995ರ 120ನೇ ಘಾತ. ಕ್ಯಾಲ್ಕುಲೇಟರ್ ಒತ್ತಿ ನೋಡಿ: 0.548. ಅಂದರೆ ನೂರರಲ್ಲಿ 45 ಹಕ್ಕಿ ಒಂದೇ ವರ್ಷಕ್ಕೆ ಖತಂ! ನಮ್ಮ ರಿಲಯಬಿಲಿಟಿ ಪಾಠದ ಸೀರೀಸ್ ಸಿಸ್ಟಮ್ ಇದೇ. ಒಂದು ಘಟಕ ಕೈಕೊಟ್ಟರೂ ಇಡೀ ವ್ಯವಸ್ಥೆ ಹೋಗುತ್ತದೆ. ವಿಜ್ಞಾನಿಗಳ ಲೆಕ್ಕದಲ್ಲೂ 0.13ರಿಂದ 0.75 ಶೇಕಡಾ ಹೆಣಗಳಲ್ಲಿ ವಿಷವಿದ್ದರೆ ಸಾಕು, ಕಂಡ ಕುಸಿತಕ್ಕೆ ಅಷ್ಟೇ ಕಾರಣವಾಗಬಲ್ಲದು ಎಂದು ಬಂತು.

ಇನ್ನೊಂದು ಕಡೆ, ಹುಟ್ಟು. ಜೋಡಿಗೆ ವರ್ಷಕ್ಕೆ ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ತಾನೂ ಮೊಟ್ಟೆಯಿಡಲು ಸುಮಾರು ಐದು ವರ್ಷ. ಸಾವಿನ ವೇಗಕ್ಕೆ ಹುಟ್ಟಿನ ವೇಗ ಯಾವತ್ತೂ ಸಮನಾಗಲ್ಲ. ವಾಚರ್ ಹೇಳಿದ ಒಂದು ಮೊಟ್ಟೆಯ ಬೆಲೆ ನನಗೆ ಗೊತ್ತಾಗಿದ್ದು ಇಲ್ಲಿ.

ನಷ್ಟ ಹಕ್ಕಿಗಷ್ಟೇ ಅಲ್ಲ. ಹೆಣ ಕೊಳೆತು ನೀರು ಕೆಟ್ಟಿತು, ಬೀದಿನಾಯಿ ಹೆಚ್ಚಿದವು. 2000ದಿಂದ 2005ರವರೆಗೆ ಇದರಿಂದ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು ಎಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರ ಅಧ್ಯಯನವೊಂದು ಅಂದಾಜಿಸಿದೆ.

ನಿಷೇಧವಾಯ್ತಲ್ಲ, ಇನ್ನೇನು?

2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ನಿಷೇಧವಾಯ್ತು. ಆದರೆ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಯನ್ನೇ ಹಸುವಿಗೆ ಬಳಸತೊಡಗಿದರು. ಹಾಗಾಗಿ 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನು 3 ಮಿ.ಲೀ. ಒಂಟಿ ಡೋಸಿಗೆ ಇಳಿಸಲಾಯಿತು. ಅಸೆಕ್ಲೋಫೆನಾಕ್ ಹಸುವಿನ ಮೈಯಲ್ಲಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಅದನ್ನೂ ಕೀಟೋಪ್ರೊಫೆನನ್ನೂ 2023ರಲ್ಲಿ ನಿಷೇಧಿಸಿದರು. ಮೆಲಾಕ್ಸಿಕಾಮ್ ರಣಹದ್ದಿಗೆ ಅಪಾಯ ಮಾಡುವುದಿಲ್ಲ, ಹಸುವಿನ ನೋವಿಗೂ ಆಗುತ್ತದೆ.

ರಾಮನಗರದಲ್ಲಿ 2012ರಲ್ಲಿ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದು ವನ್ಯಧಾಮ ಎಂದು ಘೋಷಿಸಿದರು. ಅಲ್ಲೀಗ ಉಳಿದಿರೋದು ಬೆರಳೆಣಿಕೆಯಷ್ಟು. ಬಂಡೆಗೆ ಬೇಲಿ ಹಾಕಬಹುದು, ಊಟಕ್ಕೆ ಹತ್ತಾರು ಮೈಲಿ ಹಾರಿಹೋಗುವ ಹಕ್ಕಿಗೆ ಎಲ್ಲಿ ಬೇಲಿ ಹಾಕೋದು?

ಇದನ್ನೆಲ್ಲ ಓದಿದ ರಾತ್ರಿ ಊರಿಗೆ ಫೋನ್ ಮಾಡಿದೆ. "ಅಪ್ಪ, ಗೌರಿಗೆ ಕೆಚ್ಚಲು ಬಾವು ಬಂದಾಗ ಯಾವ ಇಂಜೆಕ್ಷನ್ ಕೊಡ್ಸಿದ್ರಿ?" "ನೋವಿಂದು ಕಣೋ. ಹೆಸ್ರು ಯಾರಿಗ್ ಗೊತ್ತು?" ಗೌರಿ ಉಳಿಯಲಿಲ್ಲ. ಊರಾಚೆ ಹಳ್ಳಕ್ಕೆ ಎಳೆದು ಹಾಕಿದ್ದು ನನಗೆ ನೆನಪಿದೆ. ಆ ಇನ್ನೂರರಲ್ಲಿ ಒಂದು ನಮ್ಮ ಮನೆಯದೇ ಆಗಿತ್ತೋ ಏನೋ.

ನಮ್ಮ ಕ್ಲಾಸಲ್ಲೇ ಎಷ್ಟೋ ಜನರ ಮನೇಲಿ ದನ ಇದೆ. ಹಾಗಾಗಿ ಮಾಡಬೇಕಾದ್ದು ಮೂರೇ ಕೆಲಸ. ಬೆಟ್ಟಕ್ಕೆ ಹೋದರೆ ಬಿಟ್ಟ ದಾರಿಯಲ್ಲೇ ನಿಂತು ನೋಡಿ. ಡ್ರೋನ್, ಸ್ಪೀಕರ್, ಬಂಡೆ ಹತ್ತೋದು ಬೇಡ. ಈ ವಾರ ಮನೆಗೆ ಫೋನ್ ಮಾಡಿದಾಗ "ಡಾಕ್ಟರನ್ನ ಕೇಳಿ ಮೆಲಾಕ್ಸಿಕಾಮೇ ಕೊಡ್ಸಿ" ಅನ್ನಿ. ಔಷಧಿ ಕೊಟ್ಟ ಹಸು ಸತ್ತರೆ ಬಯಲಿಗೆ ಎಸೆಯದೆ ಹೂಳೋಕೆ ಹೇಳಿ.

ಅಪ್ಪ ಹೆಸರನ್ನ ಕ್ಯಾಲೆಂಡರ್ ಮೇಲೆ ಬರೆದುಕೊಂಡಿದ್ದಾರಂತೆ.