ಪುಸ್ತಕ ಕೊಟ್ಟೆ, ಗೆಳೆಯರು ದಾರಿ ಬದಲಿಸಿದರು

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲು ಮೇಷ್ಟ್ರು. ಮಗ ತಂದಿಟ್ಟಿದ್ದ, ಅರ್ಥಶಾಸ್ತ್ರಜ್ಞ ಹಯೆಕ್ ಅವರ ‘ದಿ ರೋಡ್ ಟು ಸರ್ಫ್‌ಡಮ್’ ಓದಿದೆ. ನಮ್ಮ ಒಳ್ಳೆಯದಕ್ಕೆಂದು ಸರ್ಕಾರ ಆರ್ಥಿಕ ವ್ಯವಹಾರವನ್ನೆಲ್ಲ ಕೈಗೆ ತೆಗೆದುಕೊಂಡರೆ ಕೊನೆಗೆ ನಮ್ಮ ಬದುಕೇ ಅದರ ಕೈಗೆ ಹೋಗುತ್ತದೆ ಎಂಬ ವಾದ ತಲೆಯಲ್ಲಿ ಕೂತುಬಿಟ್ಟಿದೆ. ಸಿಕ್ಕವರಿಗೆಲ್ಲ ಓದಲು ಕೊಡುತ್ತೇನೆ. ಮಗಳ ಗೃಹಪ್ರವೇಶದಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದ ಜೆರಾಕ್ಸ್ ಪ್ರತಿಗಳನ್ನು ತಾಂಬೂಲದ ಚೀಲದೊಳಗೆ ಹಾಕಿಸಿದ್ದಕ್ಕೆ ಹೆಂಡತಿ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ವಾಕಿಂಗ್ ಗೆಳೆಯರು ‘ಪೆನ್ಷನ್ ಸರ್ಕಾರದ್ದು, ಭಾಷಣ ಸರ್ಕಾರದ ವಿರುದ್ಧ’ ಎಂದು ಚುಚ್ಚುತ್ತಾರೆ. ಈಗೀಗ ನನ್ನನ್ನು ಕಂಡರೆ ಪಾರ್ಕಿನ ಇನ್ನೊಂದು ಗೇಟಿನತ್ತ ಹೊರಡುತ್ತಾರೆ. ಅರ್ಧ ಪುಸ್ತಕ ಕನ್ನಡಕ್ಕೆ ತಂದಿದ್ದೇನೆ. ಎಫ್.ಡಿ. ಮುರಿಸಿ ಸಾವಿರ ಪ್ರತಿ ಅಚ್ಚು ಹಾಕಿಸಿ ಹಂಚುವ ಆಸೆ. ಒಳ್ಳೆಯ ವಿಚಾರ ಹಂಚುವುದೂ ತಪ್ಪೇ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಹಂಚುವುದು ತಪ್ಪಲ್ಲ. ಆದರೆ ತಾಂಬೂಲದ ಚೀಲದ ವಿಷಯದಲ್ಲಿ ನಾನು ನಿಮ್ಮ ಮನೆಯವರ ಪಕ್ಷ. ತಾಂಬೂಲ ಬೇಡ ಎನ್ನುವ ರೂಢಿ ನಮ್ಮಲ್ಲಿಲ್ಲ, ಅದರೊಳಗೆ ಬಂದದ್ದನ್ನೂ ವಾಪಸು ಕೊಡುವಂತಿಲ್ಲ. ಮನುಷ್ಯನ ಸ್ವಂತ ಆಯ್ಕೆಯೇ ದೊಡ್ಡದು ಎನ್ನುವ ಪುಸ್ತಕವನ್ನು ಬೇಡ ಎನ್ನಲು ದಾರಿಯೇ ಇಲ್ಲದ ಹಾಗೆ ದಾಟಿಸಿದ್ದೀರಿ. (ಆ ಸ್ಪೈರಲ್ ತಂತಿ ಎಷ್ಟು ರೇಷ್ಮೆ ಸೀರೆಗೆ ಸಿಕ್ಕಿಕೊಂಡಿತೋ!)

ಈ ಪುಸ್ತಕ ಹರಡಿದ ಕಥೆ ನಿಮಗೆ ಕೆಲಸಕ್ಕೆ ಬರುತ್ತದೆ. ಲಂಡನ್ನಿನಲ್ಲಿ ಅದು ಅಚ್ಚಾದದ್ದು 1944ರ ಮಾರ್ಚ್‌ನಲ್ಲಿ, ಮೊದಲಿಗೆ 2,000 ಪ್ರತಿ. ಯುದ್ಧಕಾಲ, ಕಾಗದಕ್ಕೂ ರೇಷನ್. ಕೇಳುವವರಿದ್ದರೂ ಪ್ರತಿ ಸಿಗುತ್ತಿರಲಿಲ್ಲ. ಅಮೆರಿಕದಲ್ಲಿ ಕೆಲವು ಪ್ರಕಾಶಕರು ಒಲ್ಲೆವೆಂದ ಮೇಲೆ ಷಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ ಕೈಗೆತ್ತಿಕೊಂಡಿತು. ಅದು ಮನೆಮನೆ ಮುಟ್ಟಿದ್ದು 1945ರ ಏಪ್ರಿಲ್‌ನಲ್ಲಿ. ಹಿಂದೊಮ್ಮೆ ತಾನೂ ಎಡಪಂಥೀಯನಾಗಿದ್ದ ಮ್ಯಾಕ್ಸ್ ಈಸ್ಟ್‌ಮನ್ ಅದನ್ನು ಇಪ್ಪತ್ತು ಪುಟಗಳಷ್ಟಕ್ಕೆ ಇಳಿಸಿಕೊಟ್ಟ, ‘ರೀಡರ್ಸ್ ಡೈಜೆಸ್ಟ್’ ಪ್ರಕಟಿಸಿತು.

ಆ ಸಂಗ್ರಹ ಓದಿದವರಲ್ಲಿ ಆಂಟನಿ ಫಿಷರ್ ಎಂಬ ಬ್ರಿಟಿಷ್ ವಾಯುಪಡೆಯ ಪೈಲಟ್ ಒಬ್ಬ. ಅಭಿಮಾನದಲ್ಲಿ ನಿಮಗಿಂತ ಕಡಿಮೆಯೇನಲ್ಲ. ನೇರವಾಗಿ ಹಯೆಕ್ ಬಳಿಗೇ ಹೋಗಿ, ರಾಜಕೀಯಕ್ಕೆ ಇಳಿಯಲೇ ಎಂದು ಕೇಳಿದ. ಬೇಡ, ಮೊದಲು ಬರೆಯುವವರನ್ನೂ ಪಾಠ ಹೇಳುವವರನ್ನೂ ಮುಟ್ಟು ಎಂಬ ಸಲಹೆ ಸಿಕ್ಕಿತು. ಫಿಷರ್ ಕೋಳಿ ಸಾಕಣೆಯಲ್ಲಿ ದುಡ್ಡು ಮಾಡಿಕೊಂಡು, 1955ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಅಫೇರ್ಸ್ ಸ್ಥಾಪಿಸಿದ. ಅದು ಮಾಡಿದ್ದು ಆಸಕ್ತಿ ಇದ್ದವರಿಗೆ ಸಣ್ಣ ಸಣ್ಣ ಪುಸ್ತಿಕೆ ತಲುಪಿಸುವ ಕೆಲಸ. ಇಷ್ಟು ವರ್ಷ ಪಾಠ ಹೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಕೇಳಿ ಪಡೆದ ನಾಲ್ಕು ಜನ ಸಾಕು.

ಇನ್ನು ಪೆನ್ಷನ್ ಮಾತು. ನಿಮಗೆ ನಿಜವಾಗಿ ನೋವಾಗಿರುವುದು ಇಲ್ಲೇ ಎಂದು ನನ್ನ ಊಹೆ. ಪೆನ್ಷನ್ ನೀವು ದುಡಿದದ್ದು, ಅದಕ್ಕೆ ನಾಚಬೇಕಿಲ್ಲ. ಹಯೆಕ್ ಕೂಡ ಸರ್ಕಾರವೇ ಬೇಡ ಎಂದವರಲ್ಲ. ಆರೋಗ್ಯಕ್ಕೂ ದುಡಿಮೆಗೂ ಬೇಕಾದಷ್ಟು ಅನ್ನ, ಬಟ್ಟೆ, ವಸತಿ ಎಲ್ಲರಿಗೂ ಖಾತ್ರಿಯಾಗಿರಲಿ, ಕಾಯಿಲೆ–ಅಪಘಾತಕ್ಕೆ ಸಾಮಾಜಿಕ ವಿಮೆ ಇರಲಿ ಎಂದು ಇದೇ ಪುಸ್ತಕದಲ್ಲಿ ಒಪ್ಪಿದ್ದಾರೆ. ನಿಮ್ಮ ಪ್ರತಿಯಲ್ಲಿ ಆ ಸಾಲುಗಳ ಕೆಳಗೆ ಪೆನ್ಸಿಲ್ ಗೆರೆ ಇದೆಯೇ, ನೋಡಿ. ಪುಸ್ತಕವನ್ನು ಅವರು ಅರ್ಪಿಸಿದ್ದೂ ತಮ್ಮ ಹಿಂಬಾಲಕರಿಗಲ್ಲ, ಎಲ್ಲ ಪಕ್ಷಗಳ ಸಮಾಜವಾದಿಗಳಿಗೆ. ಅರ್ಥಶಾಸ್ತ್ರಜ್ಞ ಕೇನ್ಸ್ ಅದನ್ನು ಓದಿ ಮನಸಾರೆ ಮೆಚ್ಚಿಕೊಂಡೇ, ಸರ್ಕಾರ ಎಲ್ಲಿಯವರೆಗೆ ಬರಬಹುದು ಎಂಬ ಗೆರೆಯನ್ನು ನೀವು ಎಳೆದೇ ಇಲ್ಲವಲ್ಲ ಎಂದು ಹಯೆಕ್‌ಗೆ ಪತ್ರ ಬರೆದರು. ನಿಮ್ಮ ಗೆಳೆಯರು ಕೇಳುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ, ಸ್ವಲ್ಪ ಒರಟಾಗಿ. ಮುಂದೊಂದು ದಿನ ಯಾರಾದರೂ, ಬ್ರಿಟನ್ನಿನಲ್ಲಿ 1948ರಿಂದ ಆಸ್ಪತ್ರೆ ಸರ್ಕಾರದ್ದೇ, ಅಲ್ಲೇನು ಸರ್ವಾಧಿಕಾರ ಬಂತೇ ಎಂದೂ ಕೇಳಿಯಾರು. ನನ್ನ ಮಟ್ಟಿಗೆ ಅದು ತೂಕದ ಪ್ರಶ್ನೆ. ಕೂಡಲೇ ಉತ್ತರ ಹೊಳೆಯದಿದ್ದರೆ ಯೋಚಿಸಿ ಹೇಳುತ್ತೇನೆ ಎನ್ನಿ. ಮೇಷ್ಟ್ರ ಬಾಯಲ್ಲಿ ಆ ಮಾತು ಕೇಳಿದವರು ಮರುದಿನ ತಾವಾಗಿ ಬರುತ್ತಾರೆ.

ನಾಳೆ ಪಾರ್ಕಿಗೆ ಬರಿಗೈಲಿ ಹೋಗಿ. ಸ್ಕೂಟರಿಗೆ, ಫೋನಿಗೆ, ಗ್ಯಾಸ್ ಸಿಲಿಂಡರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಕಾಲ ನಿಮ್ಮ ವಯಸ್ಸಿನವರಿಗೆಲ್ಲ ಗೊತ್ತು. ಅದನ್ನು ಅವರಿಂದಲೇ ಹೇಳಿಸಿ, ನೀವು ಕೇಳಿಸಿಕೊಳ್ಳಿ. ಮಾತು ಕುದುರಿದರೆ ಕಾಸರಗೋಡು ಸೀಮೆಯ ಬೆಳ್ಳಿಕೋತ್ ಮೂಲದ ಬಿ.ಆರ್. ಶೆಣೈ ಅವರ ಕಥೆ ಹೇಳಬಹುದು. ಲಂಡನ್ನಿನಲ್ಲಿ ಹಯೆಕ್ ಉಪನ್ಯಾಸ ಕೇಳಿ ಬಂದ ಈ ಅರ್ಥಶಾಸ್ತ್ರಜ್ಞರು, ಎರಡನೇ ಪಂಚವಾರ್ಷಿಕ ಯೋಜನೆಗೆ ಕೊರತೆ ಬಜೆಟ್ಟಿನ ದುಡ್ಡು ಸುರಿದರೆ ಬೆಲೆ ಏರುತ್ತದೆಂದು 1955ರಲ್ಲಿ ತಜ್ಞರ ಸಮಿತಿಯಲ್ಲಿ ಒಬ್ಬರೇ ಭಿನ್ನಮತ ಬರೆದಿಟ್ಟರು. ನಮ್ಮ ಕಡೆಯವರಿಗೆ ವಿಯೆನ್ನಾದ ಹಯೆಕ್‌ಗಿಂತ ಶೆಣೈ ಹತ್ತಿರ.

ಅನುವಾದ ನಿಲ್ಲಿಸಬೇಡಿ. ಅಚ್ಚಿಗೆ ಮಾತ್ರ ಅವಸರ ಬೇಡ. ಹಯೆಕ್ ತೀರಿಕೊಂಡದ್ದು 1992ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರ ನಂತರವೂ 60 ವರ್ಷ ಹಕ್ಕು ಉಳಿಯುತ್ತದೆ, ಅಂದರೆ 2052ರ ಕೊನೆಯವರೆಗೆ. ಪುಕ್ಕಟೆ ಹಂಚಿದರೂ ಅನುವಾದ ಪ್ರಕಟಿಸಲು ಅನುಮತಿ ಬೇಕು; ಇಡೀ ಪುಸ್ತಕ ಜೆರಾಕ್ಸ್ ಮಾಡಿ ಹಂಚುವುದನ್ನಂತೂ ಇಂದೇ ಬಿಡಿ. ಅನುಮತಿ ಬರುವವರೆಗೆ ಕೈ ಸುಮ್ಮನಿರದಿದ್ದರೆ ಫ್ರಾನ್ಸಿನ ಬಾಸ್ತಿಯಾ 1850ರಲ್ಲಿ ಬರೆದ ‘ದಿ ಲಾ’ ಇದೆ. ಅದೇ ಜಾಡಿನದು, ಪುಟ್ಟದು, ಮೂಲದ ಹಕ್ಕು ಎಂದೋ ಮುಗಿದಿದೆ. ಇಂಗ್ಲಿಷಿನಿಂದ ತರುವುದಾದರೆ ಹಳೆಯ ಅನುವಾದವನ್ನೇ ಆರಿಸಿಕೊಳ್ಳಿ. ಹೊಸದಕ್ಕೆ ಅನುವಾದಕರ ಹಕ್ಕು ಇದ್ದೀತು.

ಪ್ರಕಾಶಕರಿಗೆ ಪತ್ರ ಬರೆಯಿರಿ, ಉತ್ತರ ಬರಲಿ. ಬಂದ ಮೇಲೆ ನಿಮ್ಮ ಮನೆಯವರ ಮುಂದೆ ಖರ್ಚಿನ ಲೆಕ್ಕ ಇಟ್ಟು ಕೇಳಿ: ಸಾವಿರ ಬೇಡ, ನೂರು ಪ್ರತಿಗೆ ಎಷ್ಟಾಗುತ್ತದೆ ಎಂದು. ಎಫ್.ಡಿ. ಅವರದೂ ಹೌದು, ಅವರು ಬೇಡ ಎಂದರೆ ಮುರಿಸಬೇಡಿ.